ಓಡದ ಆ ಉದಾಹರಣೆಯ ಬಗ್ಗೆಯೇ ಬರೆಯಿರಿ

ಆತ್ಮೀಯ ಸಹೋದರಿ,

ನೀವು ಕಳಿಸಿದ ಪುಸ್ತಕ ವಿಮರ್ಶೆ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಸುತ್ತಿ ಬಳಸಿ ಹೇಳಿ ನಿಮ್ಮನ್ನು ತಿಂಗಳುಗಟ್ಟಲೆ ಕಾಯಿಸುವುದಕ್ಕಿಂತ ಮೊದಲಿಗೇ ಹೇಳಿಬಿಡುವುದು ಮೇಲು. ವಾಪಸು ಕಳಿಸುವ ಬರಹಗಳಿಗೆ ನಾವು ಲಗತ್ತಿಸುವುದು ಎರಡು ಸಾಲಿನ ಚೀಟಿಯನ್ನು ಮಾತ್ರ. ನಿಮಗೆ ಇಷ್ಟುದ್ದ ಬರೆಯಲು ಕಾರಣವಿದೆ. ನಿಮ್ಮ ಎಂಟು ಪುಟಗಳಲ್ಲಿ ಒಂದೇ ಒಂದು ಸಾಲು ನಿಜವಾದ ವಿಮರ್ಶೆಯಾಗಿದೆ. ಅದನ್ನೂ ನೀವು ಕ್ಷಮೆ ಕೇಳುವ ದನಿಯಲ್ಲಿ ಬರೆದಿದ್ದೀರಿ. ತಾಂತ್ರಿಕ ಪುಸ್ತಕಗಳ ಬಗ್ಗೆ ಬರೆದು ಕಳಿಸುವವರು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಈಚೆಗೆ ಹೆಚ್ಚಾಗಿದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ನಿಮ್ಮ ಹೆಸರು ಬಿಟ್ಟು ಈ ಉತ್ತರವನ್ನು ಅಂಕಣದಲ್ಲೇ ಹಾಕುತ್ತಿದ್ದೇನೆ. ಪುಸ್ತಕದ ಹೆಸರನ್ನೂ ಬಿಟ್ಟಿದ್ದೇನೆ. ಅದರ ಬಗ್ಗೆ ತೀರ್ಪು ಕೊಡಬೇಕಾದವರು ನೀವು, ನಾನಲ್ಲ.

ಉಳಿದ ಓದುಗರಿಗೆ ಇಷ್ಟು ಗೊತ್ತಿದ್ದರೆ ಸಾಕು: ಈ ಲೇಖಕಿ ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕುರಿತು ಕನ್ನಡದಲ್ಲಿ ಬಂದಿರುವ, ಸಾಫ್ಟ್‌ವೇರ್ ಡೆವಲಪರುಗಳಿಗೆ ಕೈಪಿಡಿ ಎಂದು ಮುಖಪುಟದಲ್ಲೇ ಹೇಳಿಕೊಂಡಿರುವ ಪುಸ್ತಕವೊಂದು ಎಷ್ಟು ಉಪಯುಕ್ತ ಎಂದು ಅಳೆಯಲು ಹೊರಟಿದ್ದಾರೆ. ಅದರ ಒಂದು ಪ್ರತಿ ನಮ್ಮ ರಾಯಚೂರಿನ ಕಚೇರಿಗೂ ಬಂದಿದೆ. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾದವನಾದ್ದರಿಂದ ಅದನ್ನು ತಿರುವಿ ಹಾಕುವಷ್ಟು ತಿಳಿವಳಿಕೆ ನನಗಿದೆ.

ನಿಮ್ಮ ಮೊದಲ ಮೂರು ಪುಟಗಳಲ್ಲಿ ಇರುವುದು ಅಧ್ಯಾಯಗಳ ವಿವರ. ಪರಿವಿಡಿ ಪುಸ್ತಕದಲ್ಲೇ ಇದೆ. ಅದನ್ನು ಇನ್ನೊಮ್ಮೆ ಅಚ್ಚು ಹಾಕಲು ನಮ್ಮಲ್ಲಿ ಕಾಗದವಿಲ್ಲ. ಅನಂತರ ಹೊಗಳಿಕೆ ಶುರುವಾಗುತ್ತದೆ: "ಸರಳ ಸುಂದರ ಶೈಲಿ", "ಪ್ರತಿಯೊಬ್ಬ ಡೆವಲಪರ್‌ನ ಮೇಜಿನ ಮೇಲೂ ಇರಲೇಬೇಕಾದ ಕೃತಿ", "ವಿದ್ಯಾರ್ಥಿಗಳಿಂದ ಹಿಡಿದು ಅನುಭವಿಗಳವರೆಗೆ ಎಲ್ಲರಿಗೂ ಉಪಯುಕ್ತ". ಡೆವಲಪರ್ ಎಂಬುದನ್ನು ತೆಗೆದು ಸಹೃದಯ ಎಂದು ಹಾಕಿದರೆ ಇವೇ ಮಾತುಗಳು ಕವನ ಸಂಕಲನವೊಂದರ ಬಿಡುಗಡೆ ಸಮಾರಂಭಕ್ಕೂ ಸಲ್ಲುತ್ತವೆ. ಯಾವ ಪುಸ್ತಕಕ್ಕಾದರೂ ಹೊಂದುವ ಹೊಗಳಿಕೆ ಈ ಪುಸ್ತಕದ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಎಲ್ಲರಿಗೂ ಉಪಯುಕ್ತ ಎಂಬ ಮಾತಂತೂ ಕೈಪಿಡಿಯ ವಿಷಯದಲ್ಲಿ ಸಾಧ್ಯವೇ ಇಲ್ಲ. ಮೊದಲ ಸಲ ಲೂಪ್ ಬರೆಯುತ್ತಿರುವ ಡಿಪ್ಲೊಮಾ ಹುಡುಗನಿಗೆ ವೇರಿಯಬಲ್ ಎಂದರೇನು ಎಂಬ ನಲವತ್ತು ಪುಟ ಬೇಕೇ ಬೇಕು. ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ವರ್ಷ ದುಡಿದು ಈಗ ಪೈಥಾನ್‌ಗೆ ಬಂದವರಿಗೆ ಅದೇ ನಲವತ್ತು ಪುಟ ತಲೆನೋವು. ಕೆಲಸದ ನಡುವೆ ದಿನಾಂಕವನ್ನು ಯಾವ ಆಜ್ಞೆಯಿಂದ ಓದಬೇಕು ಎಂದು ಹುಡುಕುವವರಿಗೆ ಎರಡೂ ಬೇಡ. ಒಳ್ಳೆಯ ಪದಸೂಚಿ ಬೇಕು. ಪುಸ್ತಕ ಇವರಲ್ಲಿ ಯಾರ ಕೈಗೆ ಒಗ್ಗುತ್ತದೆ ಎಂದು ಹೇಳುವುದೇ ನಿಮ್ಮ ಕೆಲಸ. ಯಾರಿಗೆ ಒಗ್ಗುವುದಿಲ್ಲ ಎಂದು ಹೇಳಿದರೆ ಇನ್ನೂ ಒಳ್ಳೆಯದು, ಅವರ ದುಡ್ಡು ಉಳಿಯುತ್ತದೆ.

ಈಗ ಆ ಒಂದು ಸಾಲಿಗೆ ಬರುತ್ತೇನೆ. ಏಳನೇ ಪುಟದ ಕೊನೆಗೆ ನೀವು ಹೀಗೆ ಬರೆದಿದ್ದೀರಿ: "ಒಂಬತ್ತನೇ ಅಧ್ಯಾಯದಲ್ಲಿ ತಾಲ್ಲೂಕುಗಳ ಹೆಸರಿನ ಫೈಲ್ ಓದುವ ಉದಾಹರಣೆ ನನ್ನ ಕಂಪ್ಯೂಟರಿನಲ್ಲಿ ಓಡಲಿಲ್ಲ, ಆದರೆ ಅದು ಸಣ್ಣ ವಿಷಯ."

ಸಣ್ಣ ವಿಷಯವಲ್ಲ. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. ಅದು ಏಕೆ ಓಡಲಿಲ್ಲ ಎಂದು ನೀವು ಹುಡುಕಿದ್ದರೆ ಪುಸ್ತಕದ ಗುಣವೂ ದೋಷವೂ ಅಲ್ಲೇ ಸಿಗುತ್ತಿದ್ದವು.

ನಡೆದಿರುವುದು ಬಹುಶಃ ಇಷ್ಟು. ನಿಮ್ಮ ಕಚೇರಿಯಲ್ಲಿ ಇರುವುದು ವಿಂಡೋಸ್ ಎಂದು ನೀವೇ ಬೇರೆ ಕಡೆ ಹೇಳಿದ್ದೀರಿ. ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರೆದು ಉಳಿಸಿದರೆ ಅದು ಈಗ ಯುಟಿಎಫ್-8 ಸಂಕೇತದಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳನ್ನೂ ಸಂಖ್ಯೆಗಳಾಗಿ ಬರೆದಿಡುವ ಪದ್ಧತಿಯಲ್ಲಿ, ಉಳಿಯುತ್ತದೆ. ಒಂದೊಂದು ಕನ್ನಡ ಅಕ್ಷರಕ್ಕೂ ಗುಣಿತ ಚಿಹ್ನೆಗೂ ಮೂರು ಬೈಟ್, ಅಂದರೆ 0ರಿಂದ 255ರೊಳಗಿನ ಮೂರು ಸಂಖ್ಯೆ. ಆದರೆ 3.14ರವರೆಗಿನ ಪೈಥಾನ್ ಆವೃತ್ತಿಗಳು ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ, ಸಂಕೇತ ಯಾವುದೆಂದು ನಾವು ಹೇಳದಿದ್ದರೆ, ಆ ಯಂತ್ರದ ಹಳೆಯ ಕೋಡ್ ಪುಟವನ್ನೇ, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿಯನ್ನೇ, ನಂಬುತ್ತವೆ. ನಮ್ಮ ಕಡೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 1252, ಅಂದರೆ ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ ಪಟ್ಟಿ. ಆ ಪಟ್ಟಿಯಲ್ಲಿ ಐದು ಮನೆಗಳು ಖಾಲಿ ಇವೆ. ಅವುಗಳಲ್ಲಿ 129 ಮತ್ತು 141 ಎಂಬ ಎರಡು ಮನೆಗಳು ನಮ್ಮ ಪಾಲಿಗೆ ಗಂಡಾಂತರ. ಕನ್ನಡದ ಉಕಾರದ ಗುಣಿತ ಚಿಹ್ನೆಯ ಮೂರನೆಯ ಬೈಟ್ 129, ಒತ್ತಕ್ಷರ ಕಟ್ಟಲು ಬೇಕಾದ ಹಲಂತ ಚಿಹ್ನೆಯದು 141.

ಪರಿಣಾಮವನ್ನು ನಿಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಮೇಲೆಯೇ ನೋಡಿ. ಒಂದೊಂದು ಹೆಸರನ್ನು ಬೇರೆ ಬೇರೆ ಫೈಲಿಗೆ ಹಾಕಿ ಓದಿಸಿ. ಉಕಾರವೋ ಒತ್ತಕ್ಷರವೋ ಇರುವ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಕುಕನೂರು ಬಂದಾಗ ಪ್ರೋಗ್ರಾಮ್ ದೋಷಸಂದೇಶ ಕೊಟ್ಟು ನಿಲ್ಲುತ್ತದೆ. ಅವೆರಡೂ ಇಲ್ಲದ ಗಂಗಾವತಿ, ಕಾರಟಗಿ, ಕನಕಗಿರಿ ಬಂದಾಗ ನಿಲ್ಲುವುದೇ ಇಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ಪುಟ್ಟ ಎರಡು, ಮತ್ತೆ ಅದೇ ಅಕ್ಷರ, ಮತ್ತೆ ಎರಡು ಎಂದು ಕಸವನ್ನು ಸುರಿದು, ಎಲ್ಲ ಸರಿಯಾಗಿದೆ ಎಂಬಂತೆ ಮುಂದೆ ಹೋಗುತ್ತದೆ. ನಿಂತ ಪ್ರೋಗ್ರಾಮನ್ನು ಯಾರಾದರೂ ನೋಡಿ ಸರಿಪಡಿಸುತ್ತಾರೆ. ನಿಮ್ಮೂರಿನ ಹೆಸರನ್ನು ಸದ್ದಿಲ್ಲದೆ ಕೆಡಿಸಿದ ಪ್ರೋಗ್ರಾಮ್ ಗಿರಾಕಿಯ ಬಿಲ್ಲಿನವರೆಗೂ ಹೋಗುತ್ತದೆ.

ಪರಿಹಾರವೇನೂ ದೊಡ್ಡದಲ್ಲ. ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸಿದರೆ ಮುಗಿಯಿತು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದನ್ನು ಹೇಳದಿದ್ದರೂ ಯುಟಿಎಫ್-8 ಎಂದೇ ತಿಳಿಯಲಾಗುತ್ತದೆ. ಪುಸ್ತಕದ ಲೇಖಕರು ಅಂಥ ಯಂತ್ರದಲ್ಲಿ ಉದಾಹರಣೆ ಓಡಿಸಿ ನೋಡಿ ತೃಪ್ತರಾಗಿರಬೇಕು. ವಿಂಡೋಸ್‌ನಲ್ಲೂ 3.15ರಿಂದ ಅದನ್ನೇ ರೂಢಿ ಮಾಡಬೇಕೆಂದು ಪೈಥಾನ್ ನಡೆಸುವವರು ನಿರ್ಧರಿಸಿದ್ದಾರೆ. ಆದರೆ ನಮ್ಮ ಕಚೇರಿಗಳಲ್ಲಿ ಹಳೆಯ ಆವೃತ್ತಿಗಳು ಅಷ್ಟು ಬೇಗ ಜಾಗ ಬಿಡುವುದಿಲ್ಲ ಎಂಬುದು ನಿಮಗೂ ಗೊತ್ತು.

ಈ ದೋಷಕ್ಕೆ ಎಷ್ಟು ತೂಕ ಕೊಡಬೇಕು? ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಇಂಗ್ಲಿಷ್ ದತ್ತಾಂಶವನ್ನೇ ದಿನವಿಡೀ ಸಂಸ್ಕರಿಸುವ ಹುಡುಗಿಗೆ ಇದು ಅಡಿಟಿಪ್ಪಣಿಯಷ್ಟೇ. ರೈತರ ಹೆಸರು, ಊರು, ಹಮಾಲರ ಪಟ್ಟಿ ಎಲ್ಲವನ್ನೂ ಕನ್ನಡದಲ್ಲಿ ಇಡಬೇಕಾದ ನಿಮಗೆ ಇದು ಮೊದಲ ದಿನದ ಅಡ್ಡಿ. ಕನ್ನಡದಲ್ಲಿ ಬರೆದ ಕೈಪಿಡಿ ಕನ್ನಡದ ಫೈಲನ್ನೇ ಓದಿಸಲಾರದೆ ಹೋದರೆ ಅದನ್ನು ಹೇಳಲೇಬೇಕು. ಒಂದೇ ದೋಷ ಒಬ್ಬರಿಗೆ ಚಿಕ್ಕದು, ಇನ್ನೊಬ್ಬರಿಗೆ ದೊಡ್ಡದು. ನೀವು ಯಾರ ಪರವಾಗಿ ಬರೆಯುತ್ತಿದ್ದೀರಿ ಎಂದು ನಿರ್ಧರಿಸಿಕೊಳ್ಳದೆ "ಸಣ್ಣ ವಿಷಯ" ಎಂದು ಬರೆದಿರಿ.

ಅದೇ ಜಾಡಿನಲ್ಲಿ ಇನ್ನೊಂದನ್ನು ಪರೀಕ್ಷಿಸಿ. ಪುಸ್ತಕ ಪಠ್ಯದ ಉದ್ದ ಅಳೆಯುವುದನ್ನು ಕಲಿಸುತ್ತದೆ, ಆದರೆ ಉದಾಹರಣೆಗಳೆಲ್ಲ ಇಂಗ್ಲಿಷ್ ಪದಗಳು. ಕೊಪ್ಪಳ ಎಂದು ಕೊಟ್ಟು ಉದ್ದ ಕೇಳಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಗುಣಿತ ಚಿಹ್ನೆ, ಹಲಂತ ಚಿಹ್ನೆಗಳನ್ನೂ ಬೇರೆ ಬೇರೆಯಾಗಿ ಎಣಿಸುವ ಪೈಥಾನ್ ಉತ್ತರ 6 ಎನ್ನುತ್ತದೆ. ಮೊದಲ ಅಕ್ಷರದ ಒಕಾರವನ್ನು, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿ ಒಡೆದೂ ಬರೆಯಬಹುದು. ಒಡೆದು ಬರೆದರೆ ಉತ್ತರ 7. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಎರಡೂ ಸಮವೇ ಎಂದು ಕೇಳಿದರೆ ಪೈಥಾನ್ ಅಲ್ಲ ಎನ್ನುತ್ತದೆ. ಗಿರಾಕಿಗಳ ಪಟ್ಟಿಯಲ್ಲಿ ಒಂದೇ ಊರು ಎರಡು ಸಲ ಬರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಇಂಥ ಪಠ್ಯವನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್ ಜೊತೆಯಲ್ಲೇ ಬರುತ್ತದೆ. ಪುಸ್ತಕ ಅದನ್ನು ಎಲ್ಲಾದರೂ ಹೇಳಿದೆಯೇ? ನನಗೆ ಕಾಣಲಿಲ್ಲ, ನೀವು ಪೂರ್ತಿ ಓದಿದವರು, ನೋಡಿ ಬರೆಯಿರಿ.

ಇನ್ನು ಐದನೇ ಅಧ್ಯಾಯದ ಬಿಲ್ಲಿನ ಪ್ರೋಗ್ರಾಮ್. "ಮನಮುಟ್ಟುವಂತಿದೆ" ಎಂದು ಬರೆದಿದ್ದೀರಿ. ಬಿಲ್ಲು ಮನಸ್ಸನ್ನು ಮುಟ್ಟಬೇಕಾಗಿಲ್ಲ, ಪೈಸೆಗೆ ಪೈಸೆ ತಾಳೆಯಾದರೆ ಸಾಕು. ಅಲ್ಲಿ ಹಣವನ್ನು ದಶಾಂಶದ ಸಾಮಾನ್ಯ ಸಂಖ್ಯೆಯಾಗಿಯೇ, ಅಂದರೆ ಫ್ಲೋಟ್ ಆಗಿ, ಇಟ್ಟುಕೊಂಡಿದ್ದಾರೆ. ಕಂಪ್ಯೂಟರ್ ಅದನ್ನು ಎರಡರ ಘಾತಗಳಲ್ಲಿ ಇಡುವುದರಿಂದ 0.1 ಎಂಬುದು ಅದರೊಳಗೆ ನಿಖರವಾಗಿ ಕೂಡುವುದಿಲ್ಲ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 2.675 ಅನ್ನು ಎರಡು ಸ್ಥಾನಕ್ಕೆ ಸರಿಪಡಿಸಲು ಹೇಳಿದರೆ ನಾವು ನಿರೀಕ್ಷಿಸುವ 2.68ರ ಬದಲು 2.67 ಕೊಡುತ್ತದೆ. ಎಪ್ಪತ್ತೈದು ಕಿಲೊ ಚೀಲದ ದರ, ಹಮಾಲಿ, ತೂಕದ ಕಡಿತ ಎಂದು ದಿನವಿಡೀ ಬಿಲ್ಲು ಮಾಡುವ ನಿಮ್ಮ ಕಚೇರಿಯಲ್ಲಿ ಇದು ಆಡಿಟರ್ ಬಂದ ದಿನ ಹೊರಬೀಳುತ್ತದೆ. ಹಣಕ್ಕೆಂದು ಪೈಥಾನ್‌ನಲ್ಲಿ ಡೆಸಿಮಲ್ ಎಂಬ ಬೇರೆ ವ್ಯವಸ್ಥೆಯೇ ಇದೆ; ಎಲ್ಲವನ್ನೂ ಪೈಸೆಯ ಪೂರ್ಣಾಂಕವಾಗಿ ಇಟ್ಟುಕೊಳ್ಳುವವರೂ ಇದ್ದಾರೆ. ಹೊಸಬರ ಪುಸ್ತಕದಲ್ಲಿ ಇದನ್ನು ಮುಂದಕ್ಕೆ ಹಾಕಿದರೆ ಅರ್ಥವಾಗುತ್ತದೆ. ಡೆವಲಪರುಗಳಿಗೆ ಎಂದು ಮುಖಪುಟದಲ್ಲಿ ಬರೆದುಕೊಂಡ ಮೇಲೆ ಒಂದು ಎಚ್ಚರಿಕೆಯ ಸಾಲಾದರೂ ಬೇಡವೇ? ನೀವು ದಿನಾ ಮಾಡುವ ಕೆಲಸವೇ ಇದು. ಆ ಅಧ್ಯಾಯವನ್ನು ನಿಮಗಿಂತ ಚೆನ್ನಾಗಿ ತೂಗುವವರು ಬೆಂಗಳೂರಿನಲ್ಲೂ ಸಿಗುವುದಿಲ್ಲ. ಅಂಥವರು ವಿಶೇಷಣ ಕಟ್ಟಿ ಕೂತರೆ ನನಗೆ ಸಿಟ್ಟು ಬರುತ್ತದೆ.

ಲೇಖನದ ಕೊನೆಗೆ ಬರುವ ಮಾತು ಹೀಗಿದೆ: "ಕನ್ನಡದಲ್ಲಿ ಇಂಥ ಪುಸ್ತಕ ಬರುವುದೇ ದೊಡ್ಡದು, ಆದ್ದರಿಂದ ಕೊರತೆಗಳನ್ನು ಎತ್ತಿ ತೋರಿಸುವುದು ಸಲ್ಲದು." ಇದನ್ನು ಒಪ್ಪಲಾರೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಇರಲಿ. ಕನ್ನಡ ಪುಸ್ತಕಕ್ಕೆ ವಿಮರ್ಶೆಯಲ್ಲಿ ಮೀಸಲಾತಿ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಸ್ಕಿಯ ಹುಡುಗನಿಗೆ ಇಂಗ್ಲಿಷ್ ಕೈಪಿಡಿ ಕೈಗೆ ಹತ್ತುವುದಿಲ್ಲ. ಅವನಿಗೆ ಸಿಗುವುದು ಇದೊಂದೇ. ಉದಾಹರಣೆ ಓಡದಿದ್ದಾಗ ತಪ್ಪು ತನ್ನದೇ ಎಂದುಕೊಂಡು ಅವನು ಕೈಬಿಡುತ್ತಾನೆ. ನಿಮ್ಮ ರಿಯಾಯಿತಿಯ ನಷ್ಟ ಬೀಳುವುದು ಅವನ ಮೇಲೆ. ಲೇಖಕರಿಗೂ ಅದರಿಂದ ಉಪಕಾರವಿಲ್ಲ. ಎರಡನೇ ಮುದ್ರಣಕ್ಕೆ ತಿದ್ದಲು ಅವರಿಗೆ ಬೇಕಾಗಿರುವುದು ಪುಟಸಂಖ್ಯೆ ಸಮೇತ ದೋಷಗಳ ಪಟ್ಟಿ, ಹಾರ ತುರಾಯಿ ಅಲ್ಲ.

ಪುಸ್ತಕ ಯಾವ ಆವೃತ್ತಿಯ ಪೈಥಾನನ್ನು ಕಲಿಸುತ್ತದೆ ಎಂಬುದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಪ್ರಕಟಣೆಯ ವರ್ಷ ಕೊಟ್ಟರೆ ಸಾಲದು. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಅದಾದ ಮೇಲೂ, ಪೈಥಾನ್ 3ರಲ್ಲಿ ಓಡದ, ಆವರಣ ಚಿಹ್ನೆಯಿಲ್ಲದ ಪ್ರಿಂಟ್ ಆಜ್ಞೆ ಕಲಿಸುವ ಹಳೆಯ ನೋಟ್ಸ್ ನಮ್ಮ ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ಮಾರಾಟವಾಗುವುದನ್ನು ಕಂಡಿದ್ದೇನೆ. ಈಗ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ, ಪ್ರತಿಯೊಂದಕ್ಕೂ ಸುಮಾರು ಐದು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತದೆ. ಅದರ ಮೇಲೆ ಪುಸ್ತಕದ ಆಯುಷ್ಯ ಎಷ್ಟೆಂದು ಓದುಗರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಬೆಲೆಯ ಮಾತಿನಲ್ಲಿ ಇನ್ನೊಂದು ಪ್ರಶ್ನೆ. ಪೈಥಾನ್‌ನ ಅಧಿಕೃತ ಪಾಠ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಉಚಿತವಾಗಿದೆ. ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಮೊಬೈಲ್‌ಗೇ ಬಂದಿದೆ. ಅಷ್ಟಿದ್ದೂ ದುಡ್ಡು ಕೊಟ್ಟು ಈ ಪುಸ್ತಕ ಏಕೆ ಕೊಳ್ಳಬೇಕು? ಉತ್ತರ ಇಲ್ಲವೆಂದಲ್ಲ. ನನಗೆ ಅದರ ಏಳನೇ ಅಧ್ಯಾಯ, ದೋಷಸಂದೇಶವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು ಹೇಗೆ ಎಂದು ಕಲಿಸುವ ಭಾಗ, ಬಹಳ ಹಿಡಿಸಿತು. ಪಾಠ ಹೇಳುತ್ತಿದ್ದಾಗ ಇಂಥದ್ದೊಂದು ಕನ್ನಡದಲ್ಲಿ ಇದ್ದಿದ್ದರೆ ಎಂದುಕೊಂಡೆ. ನಿಮ್ಮ ಎಂಟು ಪುಟಗಳ ಹೊಗಳಿಕೆಯಲ್ಲಿ ಆ ಅಧ್ಯಾಯಕ್ಕೆ ಅರ್ಧ ಸಾಲೂ ಇಲ್ಲ. ಹೊಗಳಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಗಳಿದ್ದೀರಿ.

ಮತ್ತೆ ಬರೆಯುವ ಮೊದಲು ಪುಸ್ತಕವನ್ನು ಕಂಪ್ಯೂಟರಿನ ಪಕ್ಕದಲ್ಲಿ ತೆರೆದಿಟ್ಟು, ನಿಮ್ಮ ಕಚೇರಿಯ ಒಂದು ನಿಜವಾದ ಕೆಲಸವನ್ನು ಅದೊಂದರ ಸಹಾಯದಿಂದಲೇ ಮಾಡಿ ನೋಡಿ. ಒಂದು ದಿನದ ಭತ್ತದ ಆವಕವನ್ನು ಫೈಲಿನಿಂದ ಓದಿ ಊರುವಾರು ಮೊತ್ತ ತೆಗೆಯುವಷ್ಟಾದರೂ ಸಾಕು. ಎಲ್ಲಿ ಸಿಕ್ಕಿಕೊಂಡಿರಿ, ಪದಸೂಚಿ ಹಿಡಿದು ಹೋದಾಗ ಉತ್ತರ ಸಿಕ್ಕಿತೇ, ಪುಸ್ತಕ ಮುಚ್ಚಿಟ್ಟು ಬೇರೆಡೆ ಹುಡುಕಬೇಕಾಯಿತೇ, ಇವನ್ನು ಬರೆದುಕೊಳ್ಳುತ್ತಾ ಹೋಗಿ. ಆ ಟಿಪ್ಪಣಿಗಳನ್ನು ಓದುವಂತೆ ಜೋಡಿಸಿದರೆ ವಿಮರ್ಶೆ ತಾನಾಗಿ ಆಗುತ್ತದೆ. "ಎಂದು ಅನ್ನಿಸುತ್ತದೆ", "ಎನ್ನಬಹುದೇನೋ" ಎಂದು ನೀವು ಎಲ್ಲ ಕಡೆ ಹಾಕಿರುವ ಬಾಲಗಳು ಆಗ ಬೇಕಾಗುವುದಿಲ್ಲ. ಓಡಿಸಿ ನೋಡಿದವರು ಓಡಿತು ಅಥವಾ ಓಡಲಿಲ್ಲ ಎಂದು ಬರೆಯುತ್ತಾರೆ.

ಒಂಬೈನೂರು ಪದ ಮೀರಬೇಡಿ. ಆವೃತ್ತಿ, ಪುಟ, ಬೆಲೆ ಮೇಲೆಯೇ ಇರಲಿ. ನುಡಿ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಕಳಿಸಬೇಡಿ, ಯುನಿಕೋಡ್‌ನಲ್ಲಿ ಕಳಿಸಿ. ನಮ್ಮ ಡಿಟಿಪಿ ಮಾಡುವವರು ನಿಮ್ಮ ಮೊದಲ ಪ್ರತಿಯನ್ನು ಪರಿವರ್ತಿಸುವಾಗ ಅರ್ಕಾವೊತ್ತುಗಳನ್ನೆಲ್ಲ ಕಳೆದುಕೊಂಡು ಪರದಾಡಿದರು. ತಿಂಗಳ ಇಪ್ಪತ್ತರೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇದೆ. ಬಾರದಿದ್ದರೆ ಆ ಜಾಗಕ್ಕೆ ಪದಬಂಧ ಹೋಗುತ್ತದೆ.

ನಿಮ್ಮವ,
ಸಂಪಾದಕ
ರಾಯಚೂರು