ಭಾನುವಾರದ ಸೈಕಲ್ ಗುಂಪಿನಲ್ಲಿ ಯಾರೊಂದಿಗೂ ಬೆರೆಯಲಾಗುತ್ತಿಲ್ಲ. ಒಂದೂವರೆ ಲಕ್ಷದ, ಹಗುರವಾದ ಕಾರ್ಬನ್ ಚೌಕಟ್ಟಿನ ಸೈಕಲ್ ಕೊಂಡು ವೇಗ ಹೆಚ್ಚಿಸಿಕೊಳ್ಳಲೇ, ಗುಂಪು ಬಿಟ್ಟು ಒಬ್ಬನೇ ತುಳಿಯಲೇ?

ಎಲ್ಲರೂ ಟೀ ಲೋಟ ಹಿಡಿದು ನಗುತ್ತಿರುವಾಗ ನೀವು ಚೈನು ಪರೀಕ್ಷಿಸುವವರಂತೆ ಬಗ್ಗಿ ನಿಲ್ಲುತ್ತೀರಿ ಎಂದು ಬರೆದಿದ್ದೀರಿ. ಆ ಚೈನನ್ನು ನಾನೂ ಬಹಳ ಭಾನುವಾರ ನೋಡಿದ್ದೇನೆ.

ಹುಬ್ಬಳ್ಳಿಯಿಂದ ವರ್ಗಾವಣೆಯಾಗಿ ಮೈಸೂರಿಗೆ ಬಂದಾಗ ನನಗೆ 38 ವರ್ಷ. ಕಚೇರಿಯ ನಾಲ್ಕೈದು ಜನರನ್ನು ಬಿಟ್ಟರೆ ಊರಿನಲ್ಲಿ ನನಗೆ ಗುರುತಿನವರಿರಲಿಲ್ಲ. 2017ರಲ್ಲಿ ಮೈಸೂರಿನಲ್ಲಿ ಆರಂಭವಾಗಿದ್ದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲಿನಲ್ಲಿ ಸಂಜೆ ಒಂದು ಸುತ್ತು ಹಾಕುತ್ತಿದ್ದವನು ಆಮೇಲೆ ಸ್ವಂತಕ್ಕೊಂದು ಗೇರ್ ಸೈಕಲ್ ಕೊಂಡೆ. ಅದರ ಬೆನ್ನಿಗೇ ಭಾನುವಾರದ ಗುಂಪೂ ಸಿಕ್ಕಿತು. ಬೆಳಿಗ್ಗೆ ಐದೂವರೆಗೆ ಹೊರಟು ಶ್ರೀರಂಗಪಟ್ಟಣ ದಾಟಿ ಕರಿಘಟ್ಟ ಹತ್ತಿ ಬರುವುದು ವಾರದ ರೂಢಿ. ಅಪರೂಪಕ್ಕೊಮ್ಮೆ ಮೇಲುಕೋಟೆ, ಹೋಗಿಬರಲು ಸುಮಾರು ನೂರು ಕಿಲೋಮೀಟರು. ಪ್ರತಿ ಸಲವೂ ನಾನೇ ಕೊನೆಯವನು. ನಾನು ತಲುಪುವ ಹೊತ್ತಿಗೆ ಉಳಿದವರ ಎರಡನೆಯ ಲೋಟ ಮುಗಿದಿರುತ್ತಿತ್ತು. ವೇಗವಿಲ್ಲದ್ದರಿಂದಲೇ ಸ್ನೇಹ ಬೆಳೆಯುತ್ತಿಲ್ಲ ಎಂದು ನಾನೂ ನಿಮ್ಮಂತೆಯೇ ಲೆಕ್ಕ ಹಾಕಿದೆ. ಕಂತಿನಲ್ಲಿ ಕಾರ್ಬನ್ ಸೈಕಲ್ ತೆಗೆದುಕೊಂಡೆ. ವಾರದ ನಡುವೆ ಮೂರು ದಿನ, ಯಾರಿಗೂ ಹೇಳದೆ, ಚಾಮುಂಡಿ ಬೆಟ್ಟ ಹತ್ತಿ ಇಳಿದೆ. ಸೈಕಲ್ ಹಗುರವಾಗಿತ್ತು, ಕಾಲು ಗಟ್ಟಿಯಾಯಿತು.

ಆಮೇಲೆ ಆಷಾಢದ ಒಂದು ಭಾನುವಾರ ಹನ್ನೊಂದು ಜನ ಮೇಲುಕೋಟೆಗೆ ಹೋದೆವು. ಹೊರಡುವಾಗ ಒಬ್ಬರ ಪಂಪಿನ ವಾಷರ್ ಹೋಗಿರುವುದು ಗೊತ್ತಾಗಿ, "ನಿಮ್ಮದು ಹೊಸದು, ಎಲ್ಲರ ಪರವಾಗಿ ನೀವೇ ಇಟ್ಟುಕೊಳ್ಳಿ" ಎಂದು ಪಂಪಿನ ಹೊಣೆಯನ್ನು ನನಗೆ ಒಪ್ಪಿಸಿದ್ದರು. ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು ಪಾಂಡವಪುರದ ಕಡೆಗೆ ಹಿಂತಿರುಗುವಾಗ, ಕಬ್ಬಿನ ಗದ್ದೆಗಳೆಲ್ಲ ಒಂದೇ ಕಡೆಗೆ ಮಲಗುವಂತಹ ಗಾಳಿ ನೈಋತ್ಯದಿಂದ ಎದುರಾಗಿ ಬೀಸುತ್ತಿತ್ತು. ಅಂತಹ ಗಾಳಿಯಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುವುದು ಕ್ರಮ. ಮುಂದಿರುವವನು ಗಾಳಿ ಸೀಳುತ್ತಾನೆ. ಅವನ ಹಿಂಬದಿಯ ಚಕ್ರಕ್ಕೆ ಅಂಟಿಕೊಂಡಂತೆ ಬರುವವನಿಗೆ ಕಾಲು ಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತದೆ. ಎರಡು ಮೂರು ನಿಮಿಷ ತುಳಿದ ಮೇಲೆ ಮುಂದಿನವನು ಪಕ್ಕಕ್ಕೆ ಸರಿದು, ಸಾಲನ್ನು ಮುಂದೆ ಹೋಗಲು ಬಿಟ್ಟು, ಬಾಲಕ್ಕೆ ಸೇರಿಕೊಳ್ಳುತ್ತಾನೆ.

ನನ್ನ ಸರದಿ ಬಂತು. ನನಗಿಂತ ಮುಂದೆ ಗಾಳಿ ಸೀಳಿದ್ದವರು ಗುಂಪಿನಲ್ಲೇ ಹಿರಿಯರು. ಅಂಚೆ ಇಲಾಖೆಯಿಂದ ನಿವೃತ್ತರಾದವರು, ಹಳೆಯ ಸ್ಟೀಲ್ ಚೌಕಟ್ಟಿನ ಸೈಕಲ್ಲಿನವರು. ಅವರು ಪಕ್ಕಕ್ಕೆ ಸರಿದರು. ನಾನು ಮುಂದಕ್ಕೆ ಬಂದೊಡನೆ ಗಂಟೆಗೆ 25 ಕಿಲೋಮೀಟರಿದ್ದ ವೇಗವನ್ನು 32ಕ್ಕೆ ಏರಿಸಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಮಾಡುವವನಿಗೆ ಇದು ತಪ್ಪೆಂದು ಅನ್ನಿಸುವುದೇ ಇಲ್ಲ, ಉಪಕಾರ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಗಾಳಿ ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ; ಗಾಳಿ ಬೀಸದ ದಿನವೇ 25ರಿಂದ 32ಕ್ಕೆ ಹೋದರೆ ಅದು ಎರಡರಷ್ಟಾಗುತ್ತದೆ. ಎರಡು ಸೈಕಲ್ಲುಗಳ ನಡುವೆ ಒಂದು ಮಾರು ಅಂತರ ಹೆಚ್ಚಾದರೆ ಸಾಕು, ಹಿಂದಿನವನಿಗೆ ಮರೆ ಕಡಿಮೆಯಾಗುತ್ತದೆ. ಅವನು ತಡವರಿಸಿದರೆ ಅವನ ಹಿಂದಿರುವ ಎಲ್ಲರಿಗೂ ಆ ಅಂತರವನ್ನು ಮುಚ್ಚುವ ಹೊಣೆ ಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಆ ಕ್ಷಣ. ಆಗಷ್ಟೇ ಗಾಳಿಗೆ ಎದೆಯೊಡ್ಡಿ ದಣಿದವನು ಬಾಲ ಹಿಡಿಯಲು ಹೆಣಗುತ್ತಿರುವಾಗಲೇ ಮುಂದಿನವನು ವೇಗ ಹೆಚ್ಚಿಸಿದರೆ, ಅವನ ಕೈಗೆ ಆ ಬಾಲ ಸಿಗುವುದೇ ಇಲ್ಲ. ಸರದಿ ಬಂದಾಗ ಮಾಡಬೇಕಾದದ್ದು ಒಂದೇ: ಹ್ಯಾಂಡಲ್ ಮೇಲಿನ ಮೀಟರಿನಲ್ಲಿ ಯಾವ ಅಂಕಿ ಇತ್ತೋ ಅದನ್ನೇ ಉಳಿಸಿಕೊಂಡು ಹೋಗುವುದು. ನನ್ನ ಕಣ್ಣೂ ಮೀಟರಿನ ಮೇಲೆಯೇ ಇತ್ತು, ಬೇರೆ ಕಾರಣಕ್ಕೆ. ಹತ್ತು ನಿಮಿಷದ ಮೇಲೆ ಹಿಂದಿನಿಂದ ಚಕ್ರಗಳ ಸದ್ದು ಕೇಳುತ್ತಿಲ್ಲವೆಂದು ತಿರುಗಿ ನೋಡಿದರೆ ಇಬ್ಬರೇ ಇದ್ದರು.

ಪಾಂಡವಪುರದ ಟೀ ಅಂಗಡಿಯಲ್ಲಿ ನಾವು ಮೂವರೂ ಕಾದೆವು. ಐವರು ಒಬ್ಬೊಬ್ಬರಾಗಿ ಬಂದರು. ಹಿರಿಯರ ಸೈಕಲ್ ದಾರಿಯಲ್ಲಿ ಪಂಕ್ಚರ್ ಆಗಿತ್ತು. ಅವರ ಹತ್ತಿರ ಹೊಸ ಟ್ಯೂಬ್ ಇತ್ತು. ಗಾಳಿ ತುಂಬುವ ಪಂಪು ಮಾತ್ರ ನನ್ನ ಚೀಲದಲ್ಲಿತ್ತು. ದಾರಿಯ ಪಂಕ್ಚರ್ ಅಂಗಡಿಯೊಂದರಲ್ಲಿ ಕೇಳಿದರಂತೆ, ಅವರ ಸೈಕಲ್ಲಿನ ಸಣ್ಣ ಮೂತಿಯ ವಾಲ್ವಿಗೆ ಅಲ್ಲಿಯ ಪೈಪು ಕೂರಲಿಲ್ಲವಂತೆ. ನನಗೆ ಬಂದಿದ್ದ ನಾಲ್ಕು ಫೋನ್ ಕರೆಗಳನ್ನು ನಾನು ನೋಡಿದ್ದು ಆಮೇಲೆ. ಮುಕ್ಕಾಲು ಗಂಟೆ ಕಳೆದ ಮೇಲೆ, ಜೊತೆಗೆ ಉಳಿದಿದ್ದ ಇಬ್ಬರೊಡನೆ ಅವರು ಸೈಕಲ್ ತಳ್ಳಿಕೊಂಡು ನಡೆದು ಬಂದರು. ಪಂಪನ್ನು ಕೈಗೆ ತೆಗೆದುಕೊಂಡು, ಟ್ಯೂಬ್ ಹಾಕಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪಂಪನ್ನು ಕರವಸ್ತ್ರದಿಂದ ಒರೆಸಿ ಹಿಂದಿರುಗಿಸುತ್ತ "ಟೀ ಆಯ್ತಾ ಸಾರ್?" ಎಂದು ಕೇಳಿದರು. ಬೈದಿದ್ದರೆ ಮುಂದಿನ ವಾರ ಹೋಗುತ್ತಿದ್ದೆನೇನೋ. ಎಂಟು ತಿಂಗಳು ನಾನು ಆ ಗುಂಪಿನ ಕಡೆಗೆ ತಲೆ ಹಾಕಲಿಲ್ಲ.

ಆ ಎಂಟು ತಿಂಗಳೂ ಒಬ್ಬನೇ ತುಳಿದಿದ್ದರಿಂದ ನಿಮ್ಮ ಎರಡನೆಯ ಆಯ್ಕೆಯ ಬಗ್ಗೆಯೂ ಹೇಳಬಲ್ಲೆ. ಒಬ್ಬನೇ ತುಳಿಯುವುದು ಸುಖವೇ, ನಾನು ಈಗಲೂ ಬುಧವಾರ ಹಾಗೆಯೇ ಹೋಗುತ್ತೇನೆ. ಆದರೆ ನೀವು ಕೇಳುತ್ತಿರುವುದು ಜನ ಬೇಕೆಂದು, ಆದ್ದರಿಂದ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಕಾರ್ಬನ್ ಸೈಕಲ್ಲಂತೂ ಖಂಡಿತ ಬೇಡ. ವೇಗಕ್ಕೂ ಸ್ನೇಹಕ್ಕೂ ಸಂಬಂಧವಿದೆ ಎಂಬ ನಿಮ್ಮ ಲೆಕ್ಕವೇ ತಲೆಕೆಳಗಾಗಿದೆ: ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಹೋಗುವವರು ಮಾತನಾಡುವುದಿಲ್ಲ, ಉಸಿರು ಉಳಿದಿದ್ದರೆ ತಾನೆ ಮಾತು! ಮಾತು ಹುಟ್ಟುವುದು ಹದಿನೆಂಟು ಇಪ್ಪತ್ತರ ವೇಗದಲ್ಲಿ, ಸಾಲಿನ ಹಿಂಭಾಗದಲ್ಲಿ. ಮರಳಿ ಗುಂಪಿಗೆ ಹೋದ ಮೊದಲ ದಿನ ನಾನು ಬೇಕೆಂದೇ ಆ ಹಿರಿಯರ ಪಕ್ಕದಲ್ಲಿ ಉಳಿದೆ. ಕರಿಘಟ್ಟದ ಏರು ಮುಗಿಯುವಷ್ಟರಲ್ಲಿ ಅವರ ಮಗಳ ಮದುವೆಯ ಸಾಲ, ಮೊಣಕಾಲಿನ ನೋವು, ಶ್ರೀರಂಗಪಟ್ಟಣದಲ್ಲಿ ಒಳ್ಳೆಯ ಇಡ್ಲಿ ಎಲ್ಲಿ ಸಿಗುತ್ತದೆ ಎಂಬುದೆಲ್ಲ ನನಗೆ ಗೊತ್ತಾಗಿತ್ತು. ಸಾಲಿನ ಮುಂದಿರುತ್ತಿದ್ದವರಿಗೆ ಇವು ಯಾವುವೂ ತಿಳಿದಿರಲಿಲ್ಲ, ವರ್ಷಗಟ್ಟಲೆ ಜೊತೆಗೆ ತುಳಿದಿದ್ದರೂ.

ನಿಮ್ಮ ಗುಂಪಿನವರು ಕೊನೆಯವನಿಗೆ ಕಾಯದೆ ಹೊರಟುಬಿಡುವವರಾದರೆ ಮಾತ್ರ ಬೇರೆ ಗುಂಪು ಹುಡುಕಿ. ಅದು ಗುಂಪಲ್ಲ, ಪಂದ್ಯ. ಕಾಯುವವರಾದರೆ, ಹೊರಡುವ ಹೊತ್ತಿಗಿಂತ ಕಾಲು ಗಂಟೆ ಮೊದಲೇ ಹೋಗಿ ನಿಲ್ಲಿ, ತಿಂಡಿ ಮುಗಿದು ಎಲ್ಲರೂ ಏಳುವವರೆಗೂ ಕುಳಿತಿರಿ. ಒಂದೂವರೆ ಲಕ್ಷದ ಬದಲು ಎರಡು ಟ್ಯೂಬು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು, ಸಣ್ಣ ಮೂತಿ, ದಪ್ಪ ಮೂತಿ ಎರಡೂ ಬಗೆಯ ವಾಲ್ವಿಗೆ ಕೂರುವ ಒಂದು ಪಂಪು ಕೊಂಡುಕೊಳ್ಳಿ, ಮನೆಯಲ್ಲಿ ನಾಲ್ಕು ಸಲ ಟ್ಯೂಬ್ ಬದಲಿಸಿ ಅಭ್ಯಾಸ ಮಾಡಿ. ಬರುವ ಭಾನುವಾರ ಗುಂಪಿನ ಪಂಪು ಯಾರ ಬಳಿ ಇರಬೇಕೆಂಬ ಮಾತು ಬಂದರೆ ನಿಮ್ಮ ಬಳಿಯೇ ಇರಲಿ ಎನ್ನಿ, ಆಮೇಲೆ ಏನೇ ಆದರೂ ಕೊನೆಯಲ್ಲೇ ಬನ್ನಿ.