ಹೆಸರು ಅಳಿಸಿದ ಕೋಡ್

ಪತ್ರ: ನಾನೊಂದು ಚೆಸ್ ಪ್ರೋಗ್ರಾಂ ಮಾಡಿದ್ದೇನೆ. ನಡೆ ಹುಡುಕುವ ಭಾಗವನ್ನು ಜಿಪಿಎಲ್ ಪರವಾನಗಿಯ (ಯಾರು ಬೇಕಾದರೂ ಕೋಡ್ ಬಳಸಿ ತಿದ್ದಬಹುದು, ಹಂಚಿದರೆ ಮಾತ್ರ ಅದೇ ಷರತ್ತಿನಲ್ಲಿ) ಒಂದು ಚೆಸ್ ಎಂಜಿನ್‌ನಿಂದ ತೆಗೆದುಕೊಂಡು ವೇರಿಯಬಲ್‌ಗಳ ಹೆಸರು ಬದಲಿಸಿದೆ. ಗೆಳೆಯ ಇದು ಕಳವು ಎನ್ನುತ್ತಾನೆ. ನಡೆ ಹುಡುಕಲು ಎಲ್ಲರದೂ ಅದೇ ಆಲ್ಫಾ-ಬೀಟಾ ವಿಧಾನ ತಾನೇ? ಪತ್ರಿಕೆಯಲ್ಲಿ ಪರಿಚಯ ಹಾಕುತ್ತೀರಾ?
– ಒಬ್ಬ ಓದುಗ

ಸಂಪಾದಕರ ಉತ್ತರ: ಆಲ್ಫಾ-ಬೀಟಾ ಯಾರಪ್ಪನ ಸ್ವತ್ತೂ ಅಲ್ಲ, ಒಪ್ಪಿದೆ. ಚೆಸ್ ಆಡುವ ಯಂತ್ರ ಹೇಗಿರಬೇಕೆಂದು ಗಣಿತಜ್ಞ ಕ್ಲಾಡ್ ಷಾನನ್ 1950ರಲ್ಲೇ ಲೇಖನ ಬರೆದು ಎಲ್ಲರ ಮುಂದಿಟ್ಟರು. ಅಂಥವನ್ನು ಓದಿ ನೀವೇ ಕೋಡ್ ಬರೆದಿದ್ದರೆ ನಿಮ್ಮ ಗೆಳೆಯನಿಗೆ ನಾನೇ ಬುದ್ಧಿ ಹೇಳುತ್ತಿದ್ದೆ. ಆದರೆ ಬರೀ ಆಲೋಚನೆ ಪಡೆದವರಿಗೆ ವೇರಿಯಬಲ್‌ಗಳ ಹೆಸರು ತಿದ್ದುವ ಕೆಲಸ ಯಾಕೆ ಬೀಳುತ್ತದೆ, ಮಾರಾಯರೇ?

ಫ್ಯಾಬಿಯನ್ ಲೆಟೂಜೆ ಎಂಬವರು 2005ರಲ್ಲಿ ಫ್ರೂಟ್ 2.1ರ ಕೋಡನ್ನು ಜಿಪಿಎಲ್ ಅಡಿಯಲ್ಲಿ ಬಿಟ್ಟುಕೊಟ್ಟರು. ಅದೇ ವರ್ಷ ವಿಶ್ವ ಕಂಪ್ಯೂಟರ್ ಚೆಸ್‌ನಲ್ಲಿ ಎರಡನೆಯದಾಗಿ ಬಂದ ಎಂಜಿನ್ ಅದು! ಅಷ್ಟು ಬಲದ ಪ್ರೋಗ್ರಾಮನ್ನು ಬಿಚ್ಚಿ ತೋರಿಸಿದ್ದರಿಂದ ಎಷ್ಟೋ ಜನ ಕಲಿತರು. ರಿಬ್ಕಾ ಎಂಬ ಇನ್ನೊಂದು ಎಂಜಿನ್ ಅದರಿಂದ ಕಲಿತದ್ದೆಷ್ಟು, ಎತ್ತಿಕೊಂಡದ್ದೆಷ್ಟು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2011ರಲ್ಲಿ ಕಂಪ್ಯೂಟರ್ ಆಟಗಳ ಅಂತರರಾಷ್ಟ್ರೀಯ ಸಂಘ ಐಸಿಜಿಎ ರಿಬ್ಕಾದ 2007ರಿಂದ 2010ರವರೆಗಿನ ವಿಶ್ವ ಪಟ್ಟಗಳನ್ನು ಕಿತ್ತುಕೊಂಡಿತು. ಕರ್ತೃ ರಾಜ್ಲಿಚ್ ಆರೋಪವನ್ನು ಒಪ್ಪಲಿಲ್ಲ.

ಇದರ ಪಕ್ಕದಲ್ಲಿ ಸ್ಟಾಕ್‌ಫಿಶ್ ಎಂಬ ಎಂಜಿನ್ ಇಟ್ಟು ನೋಡಿ. 2008ರಲ್ಲಿ ಮಾರ್ಕೊ ಕೊಸ್ಟಾಲ್ಬಾ ಅದನ್ನು ಶುರುಮಾಡಿದ್ದೇ ಟಾರ್ಡ್ ರೊಮ್‌ಸ್ಟಾಡ್ ಬರೆದ ಗ್ಲೌರುಂಗ್ ಎಂಬ ಎಂಜಿನ್ನಿನ ಕೋಡ್ ತೆಗೆದುಕೊಂಡು. ಯಾವುದನ್ನೂ ಬಚ್ಚಿಡಲಿಲ್ಲ. ರೊಮ್‌ಸ್ಟಾಡ್ ಕೋಪಿಸಿಕೊಳ್ಳುವುದಿರಲಿ, ತಾವೇ ಬಂದು ಜೊತೆಗೂಡಿದರು. ನಕಲು ಎಂದರೆ ಮೂಗು ಮುರಿಯುವವರು ಈ ಕಥೆಯನ್ನು ಮರೆಯುತ್ತಾರೆ. ಅದೇ ಸ್ಟಾಕ್‌ಫಿಶ್ ತಂಡ 2021ರಲ್ಲಿ ಚೆಸ್ ಸಾಫ್ಟ್‌ವೇರ್ ಮಾರುವ ಚೆಸ್‌ಬೇಸ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಫ್ಯಾಟ್ ಫ್ರಿಟ್ಸ್ 2 ಎಂದು ಮಾರುತ್ತಿದ್ದುದರ ಒಳಗಿದ್ದದ್ದು ಬಹುಪಾಲು ತಮ್ಮದೇ ಕೋಡ್, ಪರವಾನಗಿಯ ಷರತ್ತು ಪಾಲಿಸಿಲ್ಲ ಎಂಬುದು ದೂರು. ಮರುವರ್ಷ ರಾಜಿಯಾಯಿತು.

ಈ ಹೆಸರು ನುಂಗುವ ಚಾಳಿ ಪ್ರೋಗ್ರಾಮರುಗಳದ್ದಷ್ಟೇ ಅಲ್ಲ ಬಿಡಿ. ನನ್ನ ಮೇಜಿಗೆ ಬರುವ ಲೇಖನಗಳಲ್ಲೂ ಮೊದಲ ಪ್ಯಾರಾ ಕೊನೆಗೆ, ಕೊನೆಯದು ಮೊದಲಿಗೆ. ಮೂಲ ಲೇಖಕನ ಸುಳಿವೇ ಇರುವುದಿಲ್ಲ. ಕೇಳಿದರೆ “ಎಲ್ಲ ಕಡೆ ಇರುವ ಮಾಹಿತಿ ಸಾರ್” ಎಂಬ ಉತ್ತರ. ಮೊದಲು ಬರೆದವನಿಗೆ ಅದು ಎಲ್ಲ ಕಡೆ ಸಿಕ್ಕಿತ್ತೇ?

ನೀವು ಕೇಳಿದಿರಲ್ಲ, ಆ ಮಟ್ಟಿಗೆ ಪ್ರಾಮಾಣಿಕರು. ಪ್ರೋಗ್ರಾಮನ್ನು ನೀವೊಬ್ಬರೇ ಇಟ್ಟುಕೊಂಡು ಆಡಿದರೆ ಜಿಪಿಎಲ್ ತಕರಾರು ಮಾಡುವುದಿಲ್ಲ. ಹಂಚುವುದಾದರೆ ಮೂಲದವರ ಹಕ್ಕುಸೂಚನೆ ಉಳಿಸಿ, ನೀವು ಬದಲಿಸಿದ್ದನ್ನು ತಿಳಿಸಿ, ನಿಮ್ಮ ಕೋಡನ್ನೂ ಅದೇ ಪರವಾನಗಿಯಲ್ಲಿ ಕೊಡಿ. ಅಷ್ಟು ಮಾಡಿ ಕಳಿಸಿದರೆ ಪರಿಚಯ ಹಾಕುತ್ತೇವೆ, ಆ ಎಂಜಿನ್‌ನ ಹೆಸರಿನ ಸಮೇತ.