ಟೆಟ್ ದಾಳಿಯನ್ನು ಹಿಮ್ಮೆಟ್ಟಿಸಿದರೂ ಅಮೆರಿಕದ ಜನ ವಿಯೆಟ್ನಾಂ ಯುದ್ಧದಲ್ಲಿ ನಂಬಿಕೆ ಕಳೆದುಕೊಂಡದ್ದು ಏಕೆ?

ಗೆಲುವು ಹತ್ತಿರದಲ್ಲಿದೆ ಎಂದು ಸರ್ಕಾರ ಹೇಳುತ್ತಾ ಬಂದ ಮಾತು ಜನರ ಕಣ್ಣೆದುರೇ ಸುಳ್ಳಾಯಿತು, ಅದಕ್ಕೇ.

ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೇನಾಪತಿ ವೆಸ್ಟ್‌ಮೋರ್ಲ್ಯಾಂಡ್ ಅವರದು ಶತ್ರುವನ್ನು, ಅಂದರೆ ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂ ಸೇನೆಯನ್ನೂ ಅದರ ಬೆಂಬಲದ ವಿಯೆಟ್ ಕಾಂಗ್ ಗೆರಿಲ್ಲಾಗಳನ್ನೂ ಸವೆಸುವ ತಂತ್ರ: ಎದುರಾಳಿ ಹೊಸ ಸೈನಿಕರನ್ನು ತುಂಬಿಕೊಳ್ಳುವುದಕ್ಕಿಂತ ವೇಗವಾಗಿ ಇರುವವರನ್ನು ಕೊಲ್ಲುವುದು. ಇಂತಹ ಯುದ್ಧದಲ್ಲಿ ನಕಾಶೆಯ ಮೇಲೆ ತೋರಿಸಲು ಗೆದ್ದ ನೆಲವಿರುವುದಿಲ್ಲ. ಹಾಗಾಗಿ ಹೆಣಗಳ ಲೆಕ್ಕವೇ ಪ್ರಗತಿಯ ಅಳತೆಗೋಲಾಯಿತು. ಲೆಕ್ಕ ಕೊಡುವವರೂ ಸೇನೆಯವರೇ; ಜನ ಸುಮ್ಮನೆ ನಂಬಬೇಕಿತ್ತು. 1967ರ ನವೆಂಬರ್‌ನಲ್ಲಿ ವೆಸ್ಟ್‌ಮೋರ್ಲ್ಯಾಂಡ್ ವಾಷಿಂಗ್ಟನ್‌ಗೆ ಬಂದು, ಯುದ್ಧದ ಕೊನೆ ಕಾಣತೊಡಗಿದೆ ಎಂದರು.

ಎರಡು ತಿಂಗಳು ಕಳೆಯಿತು. 1968ರ ಜನವರಿಯ ಕೊನೆಯಲ್ಲಿ, ವಿಯೆಟ್ನಾಮೀಯರ ಹೊಸವರ್ಷದ ಹಬ್ಬವಾದ ಟೆಟ್ ಹೊತ್ತಿಗೆ, ದಕ್ಷಿಣ ವಿಯೆಟ್ನಾಂನ ನೂರಕ್ಕೂ ಹೆಚ್ಚು ಊರುಗಳ ಮೇಲೆ ಈ ಶತ್ರುಪಡೆಗಳು ದಾಳಿ ನಡೆಸಿದವು. ಅಲ್ಲಿನ ರಾಜಧಾನಿ ಸೈಗಾನ್‌ನಲ್ಲಿ ಅಮೆರಿಕ ರಾಯಭಾರ ಕಚೇರಿಯ ಆವರಣದ ಗೋಡೆಯನ್ನು ಸ್ಫೋಟಿಸಿ ದಾಳಿಕೋರರು ಒಳನುಗ್ಗಿದರು. ಕೆಲವೇ ಗಂಟೆಗಳಲ್ಲಿ ಅವರನ್ನು ಅಡಗಿಸಲಾಯಿತು, ನಿಜ. ಆದರೆ ಆ ಅಂಗಳದಲ್ಲಿ ಬಿದ್ದಿದ್ದ ಹೆಣಗಳನ್ನು ಅಮೆರಿಕದ ಜನ ಮನೆಯಲ್ಲಿ ಕುಳಿತು ಟಿವಿಯಲ್ಲಿ ಕಂಡರು. ಸೋಲುವ ಹಂತದಲ್ಲಿದೆ ಎಂದ ಶತ್ರು ಇಲ್ಲಿಗೆ ಹೇಗೆ ಬಂದ?

ಇನ್ನೂ 2,06,000 ಸೈನಿಕರು ಬೇಕೆಂಬ ಸೇನೆಯ ಕೋರಿಕೆ ಮಾರ್ಚ್‌ನಲ್ಲಿ ಪತ್ರಿಕೆಯಲ್ಲಿ ಬಯಲಾದಾಗ ಅನುಮಾನ ಗಟ್ಟಿಯಾಯಿತು. ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದರು.

ಮಾಧ್ಯಮಗಳೇ ಯುದ್ಧವನ್ನು ಸೋಲಿಸಿದವು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಟೆಟ್‌ಗೆ ಮೊದಲೇ, 1967ರಲ್ಲೇ, ಜನಮತ ಯುದ್ಧದ ವಿರುದ್ಧ ವಾಲತೊಡಗಿತ್ತು.